ಅಪ್ಪ ಗಡಿಯಲ್ಲಿರುವಾಗ



ನಮ್ಮ ನೀಲಗಿರಿಯ ವೆಲಿಂಗ್ಟನ್‌ನಲ್ಲಿ ಮದ್ರಾಸ್ ರೆಜಿಮೆಂಟಿನ ತರಬೇತಿ ಕೇಂದ್ರವಿದೆ. ಅಲ್ಲಿಂದ ಗಡಿಗೆ ಹೋದ ಸೈನಿಕರ ಮಕ್ಕಳು ‘ಹೆದರಿಕೆ ಆಗ್ತಿದೆ’ ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ. ಹೊಟ್ಟೆನೋವು, ಸಿಡುಕು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು – ಹೆದರಿಕೆ ಹೀಗೆ ಹೊರಬರುತ್ತದೆ. ಗದರಬೇಡಿ.

‘ಇನ್ನು ಮನೆಗೆ ನೀನೇ ಗಂಡಸು’ ಎಂದು ಹತ್ತು ವರ್ಷದ ಹುಡುಗನಿಗೆ ಹೇಳಬೇಡಿ. ಅವನು ಕಲಿಯುವುದು ಧೈರ್ಯವನ್ನಲ್ಲ, ಅಳು ನುಂಗುವುದನ್ನು. ‘ಅಪ್ಪ ಯಾವಾಗ ಬರ್ತಾರೆ?’ ಎಂದರೆ ಸುಳ್ಳು ದಿನ ಹೇಳಬೇಡಿ; ‘ಗೊತ್ತಿಲ್ಲ, ಗೊತ್ತಾದ ಕೂಡಲೇ ಹೇಳ್ತೀನಿ’ ಅನ್ನಿ. ಊಟ, ಓದು, ಪ್ರಾರ್ಥನೆ, ನಿದ್ದೆ ದಿನವೂ ಅದೇ ಹೊತ್ತಿಗೆ ನಡೆಯಲಿ. ಮಗುವಿನ ಮನಸ್ಸು ಗಟ್ಟಿಯಾಗುವುದು ಇಂಥ ಭರವಸೆಯಿಂದಲೇ.

ಎರಡು ವಾರವಾದರೂ ಸುಧಾರಿಸದಿದ್ದರೆ ವೈದ್ಯರಿಗೆ ತೋರಿಸಿ, ಅಥವಾ ಟೆಲಿ ಮಾನಸ್ 14416ಕ್ಕೆ ಕರೆಮಾಡಿ. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.