ಪ್ರಯೋಗಾಲಯ ಕಟ್ಟಡಗಳಲ್ಲಿ ವಿದ್ಯುತ್ ಹೊರೆಯ ಸರಿಯಾದ ಅಂದಾಜು

ಔಷಧ ತಯಾರಿಕೆ, ಜೈವಿಕ ತಂತ್ರಜ್ಞಾನ, ಆಹಾರ ಪರೀಕ್ಷೆ ಮೊದಲಾದ ಉದ್ಯಮಗಳು ಹೊಸ ಪ್ರಯೋಗಾಲಯ ನಿರ್ಮಿಸುವಾಗ ಪ್ರತಿ ಉಪಕರಣದ ನಾಮಫಲಕದಲ್ಲಿರುವ ವ್ಯಾಟ್‌ಗಳನ್ನು ಕೂಡಿಸಿ, ಮುಂದಿನ ವಿಸ್ತರಣೆಗೆಂದು ಒಂದಷ್ಟು ಸೇರಿಸುವುದು ರೂಢಿ. ವಿನ್ಯಾಸಕಾರರು ಅದರ ಮೇಲೆ ಮತ್ತಷ್ಟು ಸೇರಿಸುತ್ತಾರೆ. ವಿದ್ಯುತ್ ಸಾಲದಿದ್ದರೆ ದೂರು ಅವರ ಮೇಲೆಯೇ ಬರುತ್ತದೆ, ಹೆಚ್ಚಾದರೆ ಕೇಳುವವರಿಲ್ಲ. ಹಣ ಮಾತ್ರ ಮಾಲೀಕರದು.

ನಾಮಫಲಕವು ಉಪಕರಣ ಸೆಳೆಯಬಹುದಾದ ಗರಿಷ್ಠ ವಿದ್ಯುತ್ತನ್ನು ಸೂಚಿಸುತ್ತದೆಯೇ ಹೊರತು ನಿತ್ಯದ ಬಳಕೆಯನ್ನಲ್ಲ. ಆಟೊಕ್ಲೇವ್ ಹಾಗೂ ಓವನ್‌ಗಳ ಹೀಟರುಗಳು ನಿಗದಿತ ಉಷ್ಣತೆ ತಲುಪಿದ ಮೇಲೆ ಆಗಾಗ ಮಾತ್ರ ಚಾಲನೆಗೊಳ್ಳುತ್ತವೆ. ಫ್ರೀಜರುಗಳ ಕಂಪ್ರೆಸರುಗಳೂ ಬಿಟ್ಟು ಬಿಟ್ಟು ನಡೆಯುತ್ತವೆ. ಇವೆಲ್ಲವೂ ಏಕಕಾಲಕ್ಕೆ ಗರಿಷ್ಠ ಮಟ್ಟ ಮುಟ್ಟುವುದು ಅಪರೂಪ. ಅಮೆರಿಕದಲ್ಲಿ ‘ಲ್ಯಾಬ್ಸ್21’ ಕಾರ್ಯಕ್ರಮದ ಅಂಗವಾಗಿ ನಡೆದ ಅಳತೆಗಳಲ್ಲಿ, ವಾಸ್ತವಿಕ ಗರಿಷ್ಠ ಹೊರೆಯು ವಿನ್ಯಾಸದ ಅಂದಾಜಿಗಿಂತ ಬಹಳ ಕೆಳಗಿದ್ದುದು ಕಂಡುಬಂದಿತು.

ತಪ್ಪು ಅಂದಾಜು ವಿದ್ಯುತ್ ವಿಭಾಗಕ್ಕಷ್ಟೇ ಸೀಮಿತವಲ್ಲ. ಉಪಕರಣಗಳು ಬಳಸುವ ವಿದ್ಯುತ್ತು ಕೊನೆಗೆ ಬಹುಪಾಲು ಶಾಖವಾಗಿ ಕೊಠಡಿಯಲ್ಲೇ ಉಳಿಯುತ್ತದೆ. ಉದಾಹರಣೆಗೆ, 10,000 ಚದರ ಅಡಿಯ ಪ್ರಯೋಗಾಲಯಕ್ಕೆ ಚದರ ಅಡಿಗೆ 10 ವ್ಯಾಟ್ ಹಿಡಿದರೆ 100 ಕಿಲೋವ್ಯಾಟ್ ಆಗುತ್ತದೆ. ಆ ಶಾಖವನ್ನು ಹೊರಹಾಕಲು ಸುಮಾರು 28 ಟನ್ ಶೀತಲೀಕರಣ ಬೇಕು. ನಿಜವಾದ ಹೊರೆ 4 ವ್ಯಾಟ್ ಆಗಿದ್ದರೆ 11 ಟನ್ನಿನ ಆಸುಪಾಸು ಸಾಕಾಗುತ್ತಿತ್ತು.

ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ನಷ್ಟವು ಹೊರೆ ಇರಲಿ ಇಲ್ಲದಿರಲಿ ಹಗಲಿರುಳು ನಡೆಯುತ್ತಿರುತ್ತದೆ. ಅದು 1.5 ಕಿಲೋವ್ಯಾಟ್ ಎಂದು ಹಿಡಿದರೂ ವರ್ಷದ 8,760 ಗಂಟೆಗಳಿಗೆ 13,140 ಯೂನಿಟ್ ಆಗುತ್ತದೆ. ಅತಿ ಕಡಿಮೆ ಹೊರೆಯಲ್ಲಿ ಬಹುಕಾಲ ನಡೆಯುವ ಡೀಸೆಲ್ ಜನರೇಟರಿನಲ್ಲಿ ಇಂಧನ ಪೂರ್ಣವಾಗಿ ಉರಿಯದೆ ಮಸಿ ಕಟ್ಟುತ್ತದೆ. ಇನ್ನು ಕರ್ನಾಟಕದ ಎಚ್.ಟಿ. ಗ್ರಾಹಕರಿಗೆ ಬೇಡಿಕೆ ಶುಲ್ಕವು ದಾಖಲಾದ ಗರಿಷ್ಠ ಬೇಡಿಕೆ ಅಥವಾ ಒಪ್ಪಂದದ ಬೇಡಿಕೆಯ ನಿಗದಿತ ಶೇಕಡಾ ಭಾಗ, ಇವುಗಳಲ್ಲಿ ಹೆಚ್ಚಿನದಕ್ಕೆ ಬೀಳುತ್ತದೆ. ಬಳಸದ ಕೆವಿಎಗೂ ತಿಂಗಳು ತಿಂಗಳು ಹಣ ತೆರಬೇಕಾಗುತ್ತದೆ.

ಇದಕ್ಕೆ ಪರಿಹಾರ ಅಳತೆಯೇ. ಅದೇ ಬಗೆಯ ಕೆಲಸ ನಡೆಯುವ ಹಳೆಯ ಪ್ರಯೋಗಾಲಯದ ಫೀಡರಿಗೆ ಮೀಟರ್ ಜೋಡಿಸಿ, ಕೆಲಸ ಬಿರುಸಾಗಿರುವ ವಾರಗಳಲ್ಲಿ 15 ನಿಮಿಷಕ್ಕೊಮ್ಮೆ ಹೊರೆಯನ್ನು ದಾಖಲಿಸಬೇಕು. ವಿಸ್ತರಣೆಗಾಗಿ ಈಗಲೇ ದೊಡ್ಡ ಯಂತ್ರ ಕೊಳ್ಳುವ ಬದಲು ಸ್ಥಳ, ಕೇಬಲ್ ಮಾರ್ಗ ಹಾಗೂ ಪ್ಯಾನೆಲಿನಲ್ಲಿ ಖಾಲಿ ಜಾಗ ಬಿಡುವುದು ಮೇಲು.

ಆದರೆ ಒಂದು ಕಡೆ ಕೈ ಬಿಗಿ ಹಿಡಿಯುವುದು ಅಪಾಯಕರ. ದೀರ್ಘ ವಿದ್ಯುತ್ ಕಡಿತದ ನಂತರ ಫ್ರೀಜರುಗಳೆಲ್ಲವೂ ಒಮ್ಮೆಲೇ ಚಾಲನೆಗೊಂಡು, ಸರಾಸರಿಯ ಲೆಕ್ಕವೇ ತಲೆಕೆಳಗಾಗುತ್ತದೆ. ಜನರೇಟರಿನ ಗಾತ್ರವನ್ನು ಈ ಕ್ಷಣಕ್ಕೆ ಹೊಂದಿಸಬೇಕು. ಇಲ್ಲವೇ ಟೈಮರುಗಳನ್ನು ಅಳವಡಿಸಿ ಫ್ರೀಜರುಗಳನ್ನು ಒಂದಾದ ಮೇಲೊಂದರಂತೆ ಚಾಲನೆಗೆ ತರಬೇಕು.