ಹಳೆಯ ಬಾಗಿಲಿನ ಹಿತ್ತಾಳೆ: ಗುಜರಿಯೇ, ಆಸ್ತಿಯೇ?

ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವು ಕ್ರಿ.ಶ. 968ರಲ್ಲಿ ಆಳುಪ ಅರಸ ಕುಂದವರ್ಮನಿಂದ ಪ್ರತಿಷ್ಠಾಪಿತವಾದುದೆಂದು ಅದರ ಪೀಠದ ಶಾಸನದಿಂದ ತಿಳಿದುಬರುತ್ತದೆ. ಲೋಹಶಿಲ್ಪಕ್ಕೆ ಇಷ್ಟು ಪುರಾತನ ಸಾಕ್ಷ್ಯವುಳ್ಳ ಇದೇ ಪರಿಸರದಲ್ಲಿ ಇಂದು ಹಂಚಿನ ಮನೆಗಳನ್ನು ಕೆಡಹಿ ವಸತಿ ಸಮುಚ್ಚಯ ಕಟ್ಟುವಾಗ, ಬಾಗಿಲಿನ ಹಿತ್ತಾಳೆಯ ಮೊಗ್ಗು, ಬಳೆ, ಚಿಲಕ, ಸರಪಳಿಗಳು ಗುಜರಿಯ ತಕ್ಕಡಿಯನ್ನು ಏರುತ್ತಿವೆ. ತೂಕವೊಂದನ್ನೇ ನೋಡುವ ಈ ಲೆಕ್ಕ ಎಷ್ಟು ಸರಿ ಎಂಬುದನ್ನು ಸದಸ್ಯರು ಪರಿಶೀಲಿಸುವುದು ಉಚಿತ.

ಈ ಬಿಡಿಭಾಗಗಳು ಕೇವಲ ಶೃಂಗಾರಕ್ಕಾಗಿ ಬಂದವಲ್ಲ. ಕರಾವಳಿಯ ಉಪ್ಪು ಗಾಳಿಗೆ ಕಬ್ಬಿಣ ಬೇಗನೆ ತುಕ್ಕು ಹಿಡಿಯುತ್ತದೆ; ತಾಮ್ರ ಮತ್ತು ಸತುವಿನ ಮಿಶ್ರಣವಾದ ಹಿತ್ತಾಳೆ ಕಪ್ಪಾದೀತೇ ಹೊರತು ಹಾಗೆ ತಿಂದುಹೋಗದು. ಮೊಳೆಯ ತಲೆಯನ್ನು ಮುಚ್ಚುವ ಮೊಗ್ಗು ಅದಕ್ಕೆ ಹೊದಿಕೆಯೂ ಹೌದು, ಅಲಂಕಾರವೂ ಹೌದು. ಜಪಾನಿನ ಮರದ ಕಟ್ಟಡಗಳಲ್ಲಿಯೂ ಇಂತಹುದೇ ವಸ್ತುವಿದ್ದು, ಅಲ್ಲಿ ಅದನ್ನು 'ಕುಗಿಕಕುಶಿ', ಅಂದರೆ ಮೊಳೆ ಮರೆಸುವುದು, ಎನ್ನುತ್ತಾರೆ.

ಮೊದಲು ಕಾನೂನು. ಪ್ರಾಚ್ಯವಸ್ತು ಹಾಗೂ ಕಲಾನಿಧಿ ಕಾಯ್ದೆ, 1972ರ ವ್ಯಾಖ್ಯೆಯಲ್ಲಿ, ಕಟ್ಟಡದಿಂದ ಬಿಡಿಸಿ ತೆಗೆದ ವಸ್ತುವೂ ಸೇರಿದೆ. ಅದಕ್ಕೆ ನೂರು ವರ್ಷ ತುಂಬಿದ್ದರೆ ಅದು ಪ್ರಾಚ್ಯವಸ್ತು. ಸ್ವಂತ ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ಅಂತಹ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ರಫ್ತು ಮಾಡುವಂತೆಯೇ ಇಲ್ಲ. ಅಷ್ಟು ಹಳೆಯದಲ್ಲದ ಬಾಗಿಲನ್ನು ವಿದೇಶಕ್ಕೆ ಕಳುಹಿಸುವವರು 'ಪ್ರಾಚ್ಯವಸ್ತುವಲ್ಲ' ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮುಂಚಿತವಾಗಿ ಪಡೆದಿರುವುದು ಕ್ಷೇಮ. ಸರಕು ಬಂದರು ತಲುಪಿದ ಮೇಲೆ ಕಾಗದ ಹುಡುಕುವುದು ದುಬಾರಿಯ ವ್ಯವಹಾರ.

ಇನ್ನು ಲೆಕ್ಕಪತ್ರ. ಹೋಟೆಲ್ ನಡೆಸುವ ಕಂಪನಿಯೊಂದು ಹಳೆಯ ಬಾಗಿಲನ್ನು ₹1,00,000ಕ್ಕೆ ಕೊಂಡು ಸ್ವಾಗತ ಕೊಠಡಿಯಲ್ಲಿ ಅಲಂಕಾರಕ್ಕೆಂದು ನಿಲ್ಲಿಸಿತೆನ್ನೋಣ. ಕಂಪನಿಗಳ ಕಾಯ್ದೆ, 2013ರ ಎರಡನೇ ಅನುಸೂಚಿಯಂತೆ ಹೋಟೆಲಿನ ಪೀಠೋಪಕರಣಗಳ ಉಪಯುಕ್ತ ಆಯುಷ್ಯ 8 ವರ್ಷ. ಉಳಿಕೆ ಮೌಲ್ಯ ಸಾಮಾನ್ಯವಾಗಿ ಮೂಲ ವೆಚ್ಚದ ಶೇ. 5ನ್ನು ಮೀರಬಾರದು. ಅಂದರೆ 8 ವರ್ಷಗಳಲ್ಲಿ ₹95,000 ಸವಕಳಿಯಾಗಿ, ಪುಸ್ತಕದಲ್ಲಿ ಉಳಿಯುವುದು ₹5,000. ಆ ಬಾಗಿಲಿನ ಮೇಲೆ 20 ಕಿಲೋ ಹಿತ್ತಾಳೆಯಿದ್ದರೆ ಅದರ ಗುಜರಿ ಬೆಲೆಯೇ ಇದಕ್ಕಿಂತ ಹೆಚ್ಚು! ತಲೆಮಾರುಗಳ ಕಾಲ ಬಾಳಿದ ವಸ್ತುವಿಗೆ 8 ವರ್ಷದ ಆಯುಷ್ಯ ಬರೆಯುವುದು ನನ್ನ ಅಭಿಪ್ರಾಯದಲ್ಲಿ ವಾಸ್ತವಕ್ಕೆ ದೂರ. ತಾಂತ್ರಿಕ ಸಲಹೆಯ ಆಧಾರದಲ್ಲಿ ಬೇರೆ ಆಯುಷ್ಯವನ್ನೂ ಬೇರೆ ಉಳಿಕೆ ಮೌಲ್ಯವನ್ನೂ ಅನುಸರಿಸಲು ಅದೇ ಅನುಸೂಚಿ ಅವಕಾಶ ನೀಡಿದೆ. ಕಾರಣವನ್ನು ಹಣಕಾಸು ವಿವರಣೆಯಲ್ಲಿ ಪ್ರಕಟಿಸಬೇಕು, ಅಷ್ಟೆ. ಬಾಗಿಲನ್ನು ಗೋಡೆಗೆ ಕೂರಿಸಿ ಹೆಬ್ಬಾಗಿಲಾಗಿಯೇ ಬಳಸಿದರೆ ಅದು ಕಟ್ಟಡದ ಭಾಗವಾಗುತ್ತದೆಂಬುದನ್ನೂ ಗಮನಿಸಬೇಕು.

ಜಿಎಸ್‌ಟಿಯ ವಿಷಯ ಚಿಕ್ಕದು. ನಮ್ಮದೇ ಹಿತ್ತಾಳೆಯನ್ನು ಕೊಟ್ಟು ಎರಕ ಹೊಯ್ಯಿಸಿದರೆ ಅದು ಸೇವೆ. ಹಳೆಯದನ್ನು ಕೊಟ್ಟು, ಮೇಲೆ ಹಣ ಸೇರಿಸಿ ಹೊಸದನ್ನು ಕೊಂಡರೆ, ಹಳೆಯದರ ಬೆಲೆಯೂ ಪ್ರತಿಫಲದ ಭಾಗವೇ ಆಗುತ್ತದೆ.

ಕಟ್ಟಡ ಕೆಡಹುವ ಮುನ್ನ ಪ್ರತಿಯೊಂದು ಬಿಡಿಭಾಗದ ಛಾಯಾಚಿತ್ರ, ಅಳತೆ, ತೂಕ ಮತ್ತು ಅಂದಾಜು ಕಾಲವನ್ನು ನಮೂದಿಸಿದ ಪಟ್ಟಿಯೊಂದನ್ನು ಒಪ್ಪಂದಕ್ಕೆ ಲಗತ್ತಿಸಬೇಕು. ಒಪ್ಪಂದದಲ್ಲಿ 'ಕೆಡಹಿದ ಸಾಮಗ್ರಿಯೆಲ್ಲ ಗುತ್ತಿಗೆದಾರನಿಗೆ' ಎಂಬ ಒಂದೇ ಸಾಲಿದ್ದರೆ, ಹಿತ್ತಾಳೆಯೂ ಆ ಸಾಲಿನೊಳಗೇ ಹೋಗುತ್ತದೆ.