ದಾವಣಗೆರೆ ಬಿಸಿಲಿಗೆ ಯಾವ ಛಾವಣಿ?

ಮಗಳೇ,

ನೀನು ಕಳಿಸಿದ ನಕ್ಷೆ ನೋಡಿದೆ. ಶಾಮನೂರು ರಸ್ತೆಯ ಸೈಟಿನಲ್ಲಿ ಪಾಯ ತುಂಬಿತೆಂದು ಕೇಳಿ ಮನೆಮಂದಿಗೆಲ್ಲ ಸಂತೋಷವಾಗಿದೆ. ಛಾವಣಿಗೆ ಡಾಂಬರಿನ ಶಿಂಗಲ್ಸ್ ಹಾಕಿಸಲೇ, ಹಾಕಿಸುವುದಾದರೆ ಯಾವ ಬಗೆಯದು ಎಂದು ಕೇಳಿದ್ದೀಯ. ಫೋನಿನಲ್ಲಿ ಎರಡು ಮಾತಾಡಿ ಮುಗಿಸುವ ವಿಷಯ ಇದಲ್ಲ. ದಾವಣಗೆರೆಯಿಂದ ಹರಿಹರದವರೆಗೆ ಹಳೇ ಪಿ.ಬಿ. ರಸ್ತೆಯ ಆಚೀಚೆ ಏಳುತ್ತಿರುವ ಬಡಾವಣೆಗಳಲ್ಲಿ ಇಂಥ ಆಸೆ ಇಟ್ಟುಕೊಂಡವರು ಇನ್ನೂ ಇದ್ದಾರೆ. ಅವರೂ ಓದಲಿ ಎಂದು ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಿನ್ನ ಅಣ್ಣ ಅಮೆರಿಕದಿಂದ ಕಳಿಸುವ ಫೋಟೊಗಳಲ್ಲಿ ಕಾಣುವ ಆ ಬೂದು ಛಾವಣಿಯೊಳಗೆ ಏನಿದೆ ಎಂಬುದನ್ನು ಮೊದಲು ತಿಳಿದುಕೋ. ನಡುವೆ ಗಾಜಿನ ನೂಲಿನ ತೆಳು ಹಾಸು. ಅದಕ್ಕೆ ಎರಡೂ ಕಡೆ ಸುಣ್ಣಕಲ್ಲಿನ ಪುಡಿ ಬೆರೆಸಿದ ಡಾಂಬರು. ಮೇಲೆ ಬಣ್ಣ ಹಿಡಿಸಿದ ಕಲ್ಲಿನ ಹರಳು. ಹರಳು ಇರುವುದು ಚೆಂದಕ್ಕಷ್ಟೇ ಅಲ್ಲ, ಬಿಸಿಲು ನೇರವಾಗಿ ಡಾಂಬರಿಗೆ ತಾಗದಂತೆ ಕಾಯುವುದು ಅದೇ. ಹರಳು ಉದುರಿದ ಜಾಗದಲ್ಲಿ ಡಾಂಬರು ಒಣಗಿ ಬಿರಿಯುತ್ತದೆ. 1903ರಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ ಹೆನ್ರಿ ರೆನಾಲ್ಡ್ಸ್ ಎಂಬ ಛಾವಣಿ ಗುತ್ತಿಗೆದಾರ ಡಾಂಬರು ಹಾಳೆಯ ಸುರುಳಿಯನ್ನು ಬಿಲ್ಲೆಗಳಾಗಿ ಕತ್ತರಿಸಿ ಹೊದಿಸಿದಲ್ಲಿಂದ ಇದರ ಕಥೆ ಶುರುವಾಗುತ್ತದೆ ಎನ್ನುತ್ತಾರೆ. ಅಲ್ಲಿಯ ಮನೆ ಮರದ ಚೌಕಟ್ಟಿನದು, ಹಗುರ. ಹಿಮ ಜಾರಿ ಇಳಿಯಲು ಇಳಿಜಾರು ಬೇಕು. ಹೊದಿಸುವ ಕೆಲಸಗಾರರು ಊರೂರಿಗೂ ಸಿಗುತ್ತಾರೆ. ಇಪ್ಪತ್ತು ಇಪ್ಪತ್ತೈದು ವರ್ಷಕ್ಕೊಮ್ಮೆ ಹಳೆಯದನ್ನು ಕಿತ್ತು ಹೊಸದು ಹಾಕುವುದು ಅಲ್ಲಿ ಮನೆ ಖರ್ಚಿನ ಲೆಕ್ಕದಲ್ಲೇ ಸೇರಿರುತ್ತದೆ. ನಾವೋ, ಒಮ್ಮೆ ಕಟ್ಟಿದರೆ ಮೊಮ್ಮಕ್ಕಳ ಕಾಲಕ್ಕೂ ಇರಲಿ ಎಂದು ಕಟ್ಟುವವರು. ಶಿಂಗಲ್ಸ್ ಹಾಕಿಸುವಾಗ ಇದು ನಿನ್ನ ಮನಸ್ಸಿನಲ್ಲಿರಲಿ: ನಿನ್ನ ಮಗನ ಮದುವೆ ಹೊತ್ತಿಗೆ ಅದನ್ನು ಒಮ್ಮೆ ಬದಲಾಯಿಸಬೇಕಾಗುತ್ತದೆ.

ನಮ್ಮ ಸೀಮೆಯ ಹಿರಿಯರು ಇಳಿಜಾರನ್ನು ಬೇಡವೆಂದದ್ದು ಬಡತನದಿಂದಲ್ಲ, ತಿಳಿವಳಿಕೆಯಿಂದ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಅದರ ಹತ್ತು ಪಟ್ಟಿಗೂ ಮೇಲೆ ಸುರಿಯುತ್ತದೆ. ಹಾಗಾಗಿ ಮಲೆನಾಡು, ಕರಾವಳಿಗೆ ಹೆಂಚು ಬೇಕಾಯಿತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಅದಕ್ಕೆ ಅಲ್ಲಿಯ ಜೇಡಿಮಣ್ಣೂ ಇತ್ತು, ಅಲ್ಲಿಯ ಮಳೆಯೂ ಇತ್ತು. ಬಯಲುಸೀಮೆಯ ನಮಗೆ ಮಾಳಿಗೆ ಮನೆ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪುಸದೆ, ಅದರ ಮೇಲೆ ದಪ್ಪಕ್ಕೆ ಮಣ್ಣು, ಎಲ್ಲಕ್ಕಿಂತ ಮೇಲೆ ಕರ್ಲು ಮಣ್ಣು. ಕರ್ಲು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದಕೂಡಲೇ ಅದರ ಸಣ್ಣ ಕಣಗಳು ಬಿಡಿಬಿಡಿಯಾಗಿ ಹರಡಿ, ಕೆಳಗಿನ ಸಂದುಗಳನ್ನೆಲ್ಲ ತುಂಬಿ, ನೀರು ಇಳಿಯದಂತೆ ಮುಚ್ಚಿಬಿಡುತ್ತವೆ. ಹೊಲ ಕೆಡಿಸುವ ಮಣ್ಣನ್ನು ಮನೆ ಕಾಯಲು ಬಳಸಿಕೊಂಡವರು ನಮ್ಮವರು. ಅಷ್ಟು ದಪ್ಪದ ಮಣ್ಣನ್ನು ದಾಟಿ ಹಗಲಿನ ಕಾವು ಒಳಗೆ ಇಳಿಯುವ ಹೊತ್ತಿಗೆ ಹೊರಗೆ ಸಂಜೆಯ ಗಾಳಿ ಬಿಟ್ಟಿರುತ್ತಿತ್ತು.

ನಿನಗೆ ಮಾಳಿಗೆ ಕಟ್ಟು ಎನ್ನುತ್ತಿಲ್ಲ, ಮಗಳೇ. ಇಲ್ಲಿ ಛಾವಣಿಗೆ ವರ್ಷದ ಹೆಚ್ಚು ದಿನ ಎದುರಾಗುವುದು ಮಳೆಯಲ್ಲ, ಬಿಸಿಲು ಎಂಬುದನ್ನು ಮರೆಯಬೇಡ. ಕ್ಯಾಟಲಾಗಿನಲ್ಲಿ ಹೊಳೆಯುವ ಕಡುಗಪ್ಪು, ಕಾಫಿ ಬಣ್ಣದ ಶಿಂಗಲ್ಸ್ ಮೇಲೆ ಬಿದ್ದ ಬಿಸಿಲಿನಲ್ಲಿ ಹಿಂದಕ್ಕೆ ಹೋಗುವುದು ಹತ್ತರಲ್ಲಿ ಒಂದು ಪಾಲು, ಉಳಿದದ್ದೆಲ್ಲ ಅದರಲ್ಲೇ ಕಾವಾಗಿ ನಿಲ್ಲುತ್ತದೆ. ಏಪ್ರಿಲ್ ಮಧ್ಯಾಹ್ನ ಅದರ ಮೈ 70 ಡಿಗ್ರಿ ಮುಟ್ಟಿದರೂ ಆಶ್ಚರ್ಯವಿಲ್ಲ. ಬಿಳಿ ಶಿಂಗಲ್ಸ್ ಕೂಡ ಕಾಲು ಪಾಲಿನಷ್ಟು ಬಿಸಿಲನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಅದೇ ತಾರಸಿಗೆ ಹೊಸದಾಗಿ ಸುಣ್ಣ ಬಳಿದರೆ ಮುಕ್ಕಾಲು ಪಾಲಿನ ಆಸುಪಾಸು ಹಿಂದಕ್ಕೆ ಹೋಗುತ್ತದೆ. ಬರೀ ತಂಪಿನ ಲೆಕ್ಕ ಹಿಡಿದರೆ ಸುಣ್ಣದ ತಾರಸಿಯೇ ಮೇಲು.

ತಾರಸಿಯ ಇನ್ನೊಂದು ಉಪಕಾರವನ್ನೂ ನೆನೆ. ಶಿವರಾತ್ರಿ ಕಳೆದ ಮೇಲೆ ನಿನ್ನ ದೊಡ್ಡಮ್ಮ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಹಾಕುವುದೆಲ್ಲಿ? ಸೆಕೆಗಾಲದ ರಾತ್ರಿ ಕರೆಂಟು ಹೋದರೆ ಚಾಪೆ ಹಾಸುವುದೆಲ್ಲಿ? ನೀರಿನ ಟ್ಯಾಂಕು, ಸೋಲಾರ್ ಕೂಡ ಅಲ್ಲಿಯೇ ಕೂರಬೇಕು. ಪೂರಾ ಮನೆಗೆ ಶಿಂಗಲ್ಸ್ ಹೊದಿಸಿದರೆ ಇಷ್ಟೂ ಹೋಯಿತು. ಆದ್ದರಿಂದ ನನ್ನ ಮಾತು ಕೇಳುವೆಯಾದರೆ ಹಿಂದಿನ ಭಾಗವೆಲ್ಲ ಮೋಲ್ಡ್ ಹಾಕಿಸಿ ತಾರಸಿ ಬಿಡು. ಮುಂದಿನ ಪೋರ್ಟಿಕೊ ಮತ್ತು ಮಹಡಿಯ ಮೇಲೆ ನಿನ್ನ ಓದುವ ಕೋಣೆ, ಈ ಎರಡಕ್ಕೆ ಮಾತ್ರ ಇಳಿಜಾರು ಮಾಡಿ ಶಿಂಗಲ್ಸ್ ಹಾಕಿಸು. ಬೀದಿಯಿಂದ ನೋಡುವವರಿಗೆ ನಿನ್ನ ಆಸೆಯ ಮನೆಯೇ ಕಾಣುತ್ತದೆ.

ಅಷ್ಟಕ್ಕೆ ಯಾವ ಬಗೆಯದು ಬೇಕು ಎಂದು ಈಗ ಹೇಳುತ್ತೇನೆ. ಅಗ್ಗಕ್ಕೆ ಸಿಗುವುದು ಮೂರು ನಾಲಗೆಯ ಒಂದೇ ಪದರದ್ದು, ಥ್ರೀ-ಟ್ಯಾಬ್. ಅದನ್ನು ಕೊಳ್ಳಬೇಡ. ತೆಳುವಾದ್ದರಿಂದ ನಮ್ಮ ಬಿಸಿಲಿಗೆ ಬೇಗ ಅಂಚು ಮುದುರುತ್ತದೆ, ಯುಗಾದಿಯ ಹಿಂದೆಮುಂದೆ ಎದ್ದು ಬರುವ ಗಾಳಿಮಳೆಗೆ ನಾಲಗೆಗಳು ಎದ್ದುಕೊಳ್ಳುತ್ತವೆ. ಎರಡು ಪದರ ಅಂಟಿಸಿದ ಲ್ಯಾಮಿನೇಟೆಡ್ ತೆಗೆದುಕೋ. ಆರ್ಕಿಟೆಕ್ಚರಲ್ ಎಂದೂ ಅದನ್ನು ಮಾರುತ್ತಾರೆ. ಚದರ ಮೀಟರಿಗೆ ಹನ್ನೆರಡರಿಂದ ಹದಿನೈದು ಕಿಲೋ ತೂಗುತ್ತದೆ, ಮಂಗಳೂರು ಹೆಂಚಿನ ಅರ್ಧದಷ್ಟೂ ಭಾರವಿಲ್ಲ. ಪ್ಯಾಕೆಟ್ಟಿನ ಮೇಲೆ ಬೆಂಕಿಗೆ ಕ್ಲಾಸ್ ಎ ಎಂದು ಇರಲೇಬೇಕು. ದೀಪಾವಳಿಯಲ್ಲಿ ಪಕ್ಕದ ಮನೆಯ ರಾಕೆಟ್ ಎಲ್ಲಿ ಬಂದು ಬೀಳುತ್ತದೋ ಹೇಳಲಾಗದು. ಗಾಳಿಗೆ ಎ.ಎಸ್.ಟಿ.ಎಂ. ಡಿ3161 ಕ್ಲಾಸ್ ಎಫ್ ಎಂದಿದ್ದರೆ ಗಂಟೆಗೆ 177 ಕಿಲೋಮೀಟರ್ ಗಾಳಿಯ ಪರೀಕ್ಷೆ ದಾಟಿದೆ ಎಂದರ್ಥ, ನಮ್ಮೂರಿಗೆ ಅಷ್ಟು ಸಾಕು. ಆಲಿಕಲ್ಲಿನ ಹೆದರಿಕೆಯಿದ್ದರೆ ರಬ್ಬರಿನ ಗುಣ ಬೆರೆಸಿದ ಎಸ್‌ಬಿಎಸ್ ಡಾಂಬರಿನದು ಇನ್ನೂ ಒಳ್ಳೆಯದು, ದುಡ್ಡು ಹೆಚ್ಚು. ಪಾಚಿ ಹಿಡಿಯದಿರಲೆಂದು ತಾಮ್ರದ ಹರಳು ಸೇರಿಸಿದ್ದಕ್ಕೆ ಹೆಚ್ಚಿನ ಬೆಲೆ ಕೇಳಿದರೆ ಕೊಡಬೇಡ. ಅದು ಸಾಗರ, ತೀರ್ಥಹಳ್ಳಿಯ ಕಡೆಯವರಿಗೆ ಬೇಕಾದದ್ದು. ಬಣ್ಣ ತಿಳಿ ಬೂದಿಯದೋ ಮಾಸಲು ಬಿಳಿಯದೋ ಇರಲಿ.

ಆದರೆ ಶಿಂಗಲ್ಸ್ ಯಾವುದೆಂಬುದಕ್ಕಿಂತ ಅದರ ಕೆಳಗೆ ಏನು ಮಾಡಿಸುತ್ತೀ ಎಂಬುದು ದೊಡ್ಡ ವಿಷಯ. ಓರೆಯಾಗಿ ಮೋಲ್ಡ್ ಹಾಕಿ ಅದರ ಮೇಲೇ ಅಂಟಿಸಿ, ಮೊಳೆ ಹೊಡೆದು ಕೊಡುತ್ತೇವೆ ಎಂದು ಹೇಳುವವರಿದ್ದಾರೆ. ಒಪ್ಪಬೇಡ. ಕಾಂಕ್ರೀಟಿಗೆ ಹೊಡೆದ ಮೊಳೆ ಸರಿಯಾಗಿ ಕೂರುವುದಿಲ್ಲ, ಸುತ್ತ ಸಿಡಿಯುತ್ತದೆ. ಮೇಲಿನ ಡಾಂಬರು ಕಾದ ಕಾವನ್ನು ಕೆಳಗಿನ ಕಾಂಕ್ರೀಟು ಹೀರಿಕೊಂಡು ನಡುರಾತ್ರಿಯವರೆಗೂ ಕೋಣೆಗೆ ಬಿಡುತ್ತದೆ. ಕಬ್ಬಿಣದ ಟ್ರಸ್ ನಿಲ್ಲಿಸಿ, ಅದರ ಮೇಲೆ ಐಎಸ್ 710 ಗುರುತಿನ ಪ್ಲೈವುಡ್ ಹಾಸಿಸು. ಅರ್ಧ ಇಂಚಿಗಿಂತ ಕಡಿಮೆ ದಪ್ಪ ಬೇಡ. ಗೆದ್ದಲಿನ ಔಷಧಿ ಹಾಕಿಸದೆ ಹಾಸಿಸಬೇಡ. ಕೆಳಗೆ ಸೀಲಿಂಗ್ ಮಾಡಿಸಿ ನಡುವಿನ ಜಾಗ ಖಾಲಿ ಬಿಡು. ಸೂರಿನ ಅಡಿಯಿಂದ ಗಾಳಿ ಒಳಬಂದು ನೆತ್ತಿಯಿಂದ ಹೊರಹೋಗಬೇಕು. ಅಮೆರಿಕದಲ್ಲಿ ಪಾಲಿಸುವ ಅಳತೆ 150 ಚದರ ಅಡಿ ಸೀಲಿಂಗಿಗೆ ಒಂದು ಚದರ ಅಡಿ ಗಾಳಿಕಿಂಡಿ. ನೀನು ಅದಕ್ಕಿಂತ ಕಡಿಮೆ ಮಾಡಬೇಡ, ಕಿಂಡಿಗಳಿಗೆ ಜಾಲರಿ ಹಾಕಿಸು, ಇಲ್ಲದಿದ್ದರೆ ಪಾರಿವಾಳ ಸೇರಿಕೊಳ್ಳುತ್ತವೆ. ಮಾಳಿಗೆಯಲ್ಲಿ ಮಣ್ಣು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಈ ಗಾಳಿ ಮಾಡಬೇಕು.

ವಾಟ ಅಡಿಗೆ ನಾಲ್ಕು ಇಂಚಾದರೂ ಇರಲಿ. ಅದಕ್ಕಿಂತ ಕಡಿಮೆಯಾದರೆ ಪ್ಲೈವುಡ್ಡಿಗೂ ಶಿಂಗಲ್ಸ್‌ಗೂ ನಡುವೆ ಹಾಕುವ ಕೆಳಹಾಸು ಎರಡು ಪದರ ಬೇಕು, ಎರಡು ಇಂಚಿಗಿಂತ ಕಡಿಮೆ ವಾಟದ ಮೇಲೆ ಶಿಂಗಲ್ಸ್ ಹಾಕುವಂತೆಯೇ ಇಲ್ಲ. ಮೇಸ್ತ್ರಿ ಎಷ್ಟು ಅನುಭವಸ್ಥನಾದರೂ ಈ ಕೆಲಸ ಅವನಿಗೆ ಹೊಸದಿರಬಹುದು. ಹಾಗಾಗಿ ನೀನು ಅಲ್ಲೇ ನಿಂತು ನೋಡು. ಒಂದೊಂದು ಶಿಂಗಲ್ಸ್‌ಗೆ ನಾಲ್ಕು ಮೊಳೆ, ಗಾಳಿ ಹೆಚ್ಚಿರುವ ಅಂಚಿನಲ್ಲಿ ಆರು. ಅಗಲ ತಲೆಯ ಗ್ಯಾಲ್ವನೈಸ್ ಮೊಳೆ, ಅದೂ ಗೆರೆ ಹಾಕಿದ ಜಾಗದಲ್ಲೇ ಕೂರಬೇಕು. ಲ್ಯಾಮಿನೇಟೆಡ್‌ನಲ್ಲಿ ಎರಡು ಪದರ ಸೇರುವುದು ಅಲ್ಲಿಯೇ. ತಲೆ ಮಟ್ಟಸವಾಗಿರಲಿ, ಡಾಂಬರನ್ನು ಕೊರೆದು ಒಳಗಿಳಿಯಬಾರದು. ಹಿಂಬದಿಯಲ್ಲಿ ಪ್ಲಾಸ್ಟಿಕ್ ಪಟ್ಟಿ ಇದ್ದರೆ ಅದನ್ನು ಕೀಳುತ್ತ ಕೂರುವ ಅಗತ್ಯವಿಲ್ಲ, ಕಟ್ಟಿನೊಳಗೆ ಒಂದಕ್ಕೊಂದು ಅಂಟದಿರಲೆಂದು ಅದನ್ನು ಹಾಕಿರುತ್ತಾರೆ. ಅಂಟಿನ ಗೆರೆ ಬಿಸಿಲಿಗೆ ತಾನೇ ಕರಗಿ ಹಿಡಿದುಕೊಳ್ಳುತ್ತದೆ, ಆದರೆ ಅದರ ಮೇಲೆ ದೂಳು ಕೂತರೆ ಹಿಡಿಯುವುದಿಲ್ಲ. ಆಷಾಢದ ಗಾಳಿಯಲ್ಲಿ ಕೆಲಸ ಇಟ್ಟುಕೊಳ್ಳಬೇಡ. ಸಂಕ್ರಾಂತಿ ಕಳೆದ ಮೇಲೆ ಹಾಕಿಸು, ಅದೂ ಬೆಳಗಿನ ಹೊತ್ತು. ಮಧ್ಯಾಹ್ನ ಮೆತ್ತಗಾದ ಡಾಂಬರಿನ ಮೇಲೆ ಕೆಲಸದವರು ಓಡಾಡಿದರೆ ಹರಳು ಕಿತ್ತುಬರುತ್ತದೆ. ಕಟ್ಟುಗಳನ್ನು ನೆರಳಿನಲ್ಲಿ ಇಡಿಸು.

ಶಿಂಗಲ್ಸ್ ಹೊದಿಸಿದ ಭಾಗದ ಮಳೆನೀರನ್ನು ಕುಡಿಯುವ ಸಂಪಿಗೆ ಬಿಡಬೇಡ, ಗಿಡಗಳಿಗೆ ತಿರುಗಿಸು. ಕುಡಿಯಲು ಹಿಡಿದಿಡುವುದಾದರೆ ತಾರಸಿಯ ನೀರು ಹಿಡಿ. ಬೇಸಿಗೆಯಲ್ಲಿ ಕುಂದುವಾಡ ಕೆರೆಯ ಮಟ್ಟ ಇಳಿದಾಗ ಅದರ ಬೆಲೆ ತಿಳಿಯುತ್ತದೆ.

ಮೂವತ್ತು ವರ್ಷದ ವಾರಂಟಿ ಎಂದು ಅಂಗಡಿಯವರು ಹೇಳಿದಾಗ ಅದರ ಕಾಗದ ಕೇಳಿ ಓದು. ಸಾಮಾನ್ಯವಾಗಿ ಅದು ಕಾರ್ಖಾನೆಯ ದೋಷಕ್ಕೆ ಮಾತ್ರ, ಹಾಕಿದವರ ತಪ್ಪಿಗಲ್ಲ. ವರ್ಷ ಕಳೆದಂತೆ ಸಿಗುವ ಪರಿಹಾರವೂ ಕರಗುತ್ತದೆ. ಹಾಕಿದವರಿಂದ ಬೇರೆಯದಾಗಿ, ಐದು ವರ್ಷವಾದರೂ ಸೋರದಂತೆ ನೋಡಿಕೊಳ್ಳುವ ಮಾತನ್ನು ಬರಹದಲ್ಲಿ ತೆಗೆದುಕೋ. ಕೊನೆಯ ಕಂತು ಕೊಡುವ ಮೊದಲು ನೆತ್ತಿಯಿಂದ ಪೈಪಿನಲ್ಲಿ ಅರ್ಧ ಗಂಟೆ ನೀರು ಬಿಡಿಸಿ, ಸೀಲಿಂಗ್ ಮುಚ್ಚುವುದಕ್ಕೆ ಮುಂಚೆಯೇ ಕೆಳಗೆ ನಿಂತು ನೋಡು. ಇಳಿಜಾರು ಗೋಡೆಗೆ ಕೂಡುವ ಕಡೆ ತಗಡಿನ ಪಟ್ಟಿ ಹಾಕಿದ್ದಾರೋ ಇಲ್ಲವೋ ಎಂಬುದು ಅಲ್ಲೇ ಬಯಲಾಗುತ್ತದೆ. ಅದೇ ಲಾಟಿನ ಎರಡು ಕಟ್ಟು ಹೆಚ್ಚಿಗೆ ಕೊಂಡು ಮೆಟ್ಟಿಲ ಕೆಳಗೆ ಇಡು. ಮುಂದೆ ರಿಪೇರಿಗೆ ಅದೇ ಬಣ್ಣ ಸಿಗುವುದು ಕಷ್ಟ.

ಟ್ರಸ್ಸಿನ ಅಳತೆ ಹಾಕಿದ ನಕ್ಷೆಯನ್ನು ನಿನ್ನ ಎಂಜಿನಿಯರರಿಂದ ಬರೆಸಿ ಕಳಿಸು. ವಾಟ, ಗಾಳಿಕಿಂಡಿ ಎರಡನ್ನೂ ನಾನೊಮ್ಮೆ ನೋಡುತ್ತೇನೆ. ಕಬ್ಬಿಣಕ್ಕೆ ಅಡ್ವಾನ್ಸ್ ಕೊಡುವುದು ಆಮೇಲಾಗಲಿ.

ಇಂತಿ,
ನಿನ್ನ ದೊಡ್ಡಪ್ಪ, ಹರಿಹರ